ಹಡಗಿನವರು ಹಲ್ಲುಸೆಟ್ಟು ವಾಪಸ್ ಕೊಟ್ಟರಂತೆ

ನನ್ನ ತಂಗಿಯ ಮಗ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಸಾಮಾನು ಸಾಗಿಸುವ ಹಡಗಲ್ಲ, ಜನ ಮಜಾ ಮಾಡಲು ಹತ್ತುವ ಕ್ರೂಸ್ ಹಡಗು. ಏಳೆಂಟು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಊರಲ್ಲಿ. ಊರಿಗೆ ಬಂದರೆ ಅವನ ಅಮ್ಮ ಉಂಡ ತಟ್ಟೆಯನ್ನೂ ಎತ್ತಲು ಬಿಡುವುದಿಲ್ಲ. ಹಡಗಿನಲ್ಲಿ ಅವನು ದಿನಕ್ಕೆ ಹದಿನೈದು ಇಪ್ಪತ್ತು ಕೋಣೆ ಗುಡಿಸಿ, ಹಾಸಿಗೆ ಹಾಸಿ, ಟವೆಲನ್ನು ಆನೆಯ ಹಾಗೆ ಮಡಚಿ ಮಂಚದ ಮೇಲೆ ಕೂರಿಸುತ್ತಾನೆ. ಇದು ಅವಳಿಗೆ ಗೊತ್ತಿಲ್ಲ. ನಾನೂ ಹೇಳಲು ಹೋಗಿಲ್ಲ.

ಈ ಸಲ ಜೂನಿನಲ್ಲಿ ಬಂದ. ಹೊರಗೆ ಜಡಿಮಳೆ. ಚಾವಡಿಯಲ್ಲಿ ಪತ್ರೊಡೆ ತಿನ್ನುತ್ತಾ ನನ್ನ ಸಂಕಟ ಹೇಳಿಕೊಂಡೆ. ಹಿಂದಿನ ವಾರ ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಬೇಡ, ನಾಳೆ ಮತ್ತೆ ಅಲ್ಲಿಗೇ ಹೋಗಲಿಕ್ಕುಂಟು. ಕೆಲಸ ಆಗಲಿಲ್ಲ, ಅದು ಮಾಮೂಲು. ಆದರೆ ಬರುವಾಗ ಬೆಂಚಿನ ಹತ್ತಿರ ಕೊಡೆ ಬಿಟ್ಟು ಬಂದೆ. ಹಳೇ ಕಾಲದ ಉದ್ದ ಹಿಡಿಯ ಕಪ್ಪು ಕೊಡೆ. ಹಿಡಿಯ ಮೇಲೆ ಬಿಳಿ ಪೈಂಟಿನಲ್ಲಿ ನನ್ನ ಹೆಸರಿನ ಮೊದಲ ಎರಡಕ್ಷರ, ಕನ್ನಡದಲ್ಲಿ. ಕಾಸರಗೋಡಿನಲ್ಲಿ ಜೂನ್ ತಿಂಗಳಲ್ಲಿ ಕೊಡೆ ಕಳಕೊಂಡವನು ಮನುಷ್ಯನಲ್ಲ, ಒಣಗದ ಬಟ್ಟೆ.

"ಅಷ್ಟೇ ಅಲ್ವಾ ಮಾವ? ಹೋಗಿ ಕೇಳಿ. ಲಾಸ್ಟ್ ಆಂಡ್ ಫೌಂಡ್‌ನಲ್ಲಿ ಇಟ್ಟಿರ್ತಾರೆ" ಅಂದ.

ನಾನು ನಗಲಿಲ್ಲ. ಪಾಪ, ಹುಡುಗ ತುಂಬ ಕಾಲ ಪರದೇಶದಲ್ಲಿದ್ದಾನೆ.

ಅವನ ಲೋಕದ ಕತೆಯೇ ಬೇರೆ. ಐಕಾನ್ ಆಫ್ ದ ಸೀಸ್ ಅಂತ ಒಂದು ಹಡಗು 2024ರ ಜನವರಿಯಲ್ಲಿ ಮೊದಲ ಸಲ ಜನ ತುಂಬಿಸಿಕೊಂಡು ಹೊರಟಿತು. 20 ಅಂತಸ್ತು, 2,805 ಕೋಣೆ, ಪೂರ್ತಿ ತುಂಬಿದರೆ 7,600 ಪ್ರಯಾಣಿಕರು. ನಮ್ಮ ಪಂಚಾಯತಿನ ನಾಲ್ಕೈದು ವಾರ್ಡಿನ ಜನ ಒಂದೇ ಕಟ್ಟಡದಲ್ಲಿ ಈಜುಡುಗೆ ಹಾಕಿಕೊಂಡು ತಿರುಗುತ್ತಿದ್ದಾರೆ ಅಂದುಕೊಳ್ಳಿ. ಇಂಥ ಹಡಗು ಬೆಳಿಗ್ಗೆ ಬಂದರಿಗೆ ಬಂದು ಹಳಬರನ್ನು ಇಳಿಸುತ್ತದೆ. ಮಧ್ಯಾಹ್ನಕ್ಕೆ ಹೊಸಬರು ಹತ್ತಲು ಶುರು. ನಡುವೆ ಸಿಗುವ ಕೆಲವೇ ಗಂಟೆಗಳಲ್ಲಿ ಅಳಿಯನಂಥವರು ಎಲ್ಲ ಕೋಣೆ ಹೊಸದಾಗಿ ಮಾಡಬೇಕು. ಹಳಬರು ಬಿಟ್ಟು ಹೋದದ್ದು ಸಿಗುವುದು ಆಗ.

ಏನೆಲ್ಲ ಬಿಡುತ್ತಾರೆ! ಚಾರ್ಜರ್ ಬಿಡಿ, ಅದು ಲೆಕ್ಕಕ್ಕೇ ಇಲ್ಲ. ಡ್ರಾಯರಿನಲ್ಲಿ ಮಡಚಿಟ್ಟ ಬಟ್ಟೆ. ಬಾಗಿಲ ಹಿಂದೆ ನೇತುಹಾಕಿದ ಕೋಟು. ಕಿವಿಯ ಮಿಷನ್ನು. ಜೋಪಾನ ಅಂತ ತಿಜೋರಿಯೊಳಗಿಟ್ಟು, ಆ ಜೋಪಾನದಲ್ಲೇ ಮರೆತ ಪಾಸ್‌ಪೋರ್ಟು. ಇಳಿಯುವ ಹಿಂದಿನ ರಾತ್ರಿ ದೊಡ್ಡ ಬ್ಯಾಗುಗಳನ್ನು ಬಾಗಿಲ ಹೊರಗೆ ಇಡಬೇಕಂತೆ, ಕೆಲಸದವರು ಒಯ್ಯುತ್ತಾರೆ. ಕೆಲವರು ಉಡುವ ಬಟ್ಟೆ ಪೂರ್ತಿ ಅದಕ್ಕೇ ತುಂಬಿಸಿ, ಬೆಳಿಗ್ಗೆ ಎದ್ದು ನೋಡಿದರೆ ಮೈಮೇಲೆ ಪೈಜಾಮ ಮಾತ್ರ. ಅದರಲ್ಲೇ ಇಳಿದು ಹೋಗುತ್ತಾರೆ. ಇದನ್ನು ಹೇಳುವಾಗ ಅಳಿಯನಿಗೆ ಪತ್ರೊಡೆ ನೆತ್ತಿಗೆ ಹತ್ತಿತು.

ಒಬ್ಬ ಅಜ್ಜ ಹಲ್ಲುಸೆಟ್ಟು ಬಿಟ್ಟು ಹೋಗಿದ್ದನಂತೆ. ಬಾತ್‌ರೂಮಿನ ಗ್ಲಾಸಿನಲ್ಲಿ, ನೀರೊಳಗೆ, ನಗುತ್ತಾ ಕೂತಿತ್ತಂತೆ. ಅಳಿಯ ಅದನ್ನು ತೊಳೆದು, ಒರೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಚೀಟಿ ಕಟ್ಟಿದ. ಚೀಟಿಯಲ್ಲಿ ಕೋಣೆ ನಂಬರು, ತಾರೀಕು, ಸಿಕ್ಕಿದ ಜಾಗ, ಸಿಕ್ಕಿದವನ ಹೆಸರು. ಆಮೇಲೆ ಕಂಪ್ಯೂಟರಿನಲ್ಲಿ ದಾಖಲೆ. ಅಜ್ಜನ ಮಗಳು ಫಾರಂ ತುಂಬಿದಳು, ಕೊರಿಯರಿನ ದುಡ್ಡು ಕಟ್ಟಿದಳು. ಹಲ್ಲು ಮನೆಗೆ ಹೋಯಿತು.

"ಯಾರೂ ಕೇಳದಿದ್ದರೆ?"

"ಇಟ್ಟುಕೊಳ್ತಾರೆ ಮಾವ. ಒಂದು ಕಂಪನಿಯಲ್ಲಿ 30 ದಿನ, ಇನ್ನೊಂದರಲ್ಲಿ 90. ಆಮೇಲೂ ಯಾರೂ ಬಾರದಿದ್ದರೆ ದಾನಕ್ಕೆ ಕೊಡುವುದು, ಇಲ್ಲದಿದ್ದರೆ ಎಸೆಯುವುದು. ತಿಂಡಿ, ಹಲ್ಲುಜ್ಜುವ ಬ್ರಷ್ಷು ಎಲ್ಲ ಆವತ್ತೇ ಕಸಕ್ಕೆ."

ಆದರೆ ಒಂದು ತಲೆನೋವು ಉಂಟಂತೆ. ಮರೆತದ್ದು ಯಾವುದು, ಬೇಕೆಂದೇ ಬಿಟ್ಟದ್ದು ಯಾವುದು ಅಂತ ಹೇಳುವುದು ಹೇಗೆ? ಕಸದ ಬುಟ್ಟಿಯಲ್ಲಿದ್ದರೆ ಸುಲಭ. ಮಂಚದಡಿ ಒಂದು ಚಪ್ಪಲಿ ಇದ್ದರೆ? ಟೇಬಲಿನ ಮೇಲೆ ಮದುವೆ ಉಂಗುರ ಇದ್ದರೆ? ಅದರ ಮೇಲೆ ಬಾತುಕೋಳಿಯ ಕಾಟ ಬೇರೆ. ಕೆಲವು ಪ್ರಯಾಣಿಕರು ರಬ್ಬರಿನ ಸಣ್ಣ ಬಾತುಕೋಳಿ ತಂದು ಹಡಗಿನ ಮೂಲೆಮೂಲೆಯಲ್ಲಿ ಅಡಗಿಸಿ ಹೋಗುತ್ತಾರೆ. ಬೇರೆಯವರು ಹುಡುಕಿ ಖುಷಿಪಡಲಿ ಅಂತ. ಹೊಸದಾಗಿ ಸೇರಿದಾಗ ಅಳಿಯ ಇಂಥ ಒಂದು ಬಾತುಕೋಳಿಗೆ ಚೀಟಿ ಕಟ್ಟಿ ಒಪ್ಪಿಸಿ ನಗೆಪಾಟಲಾಗಿದ್ದನಂತೆ.

ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಬೇರೊಂದು ಹಡಗು ಓಡಲು ಶುರುವಾಗಿತ್ತು.

1956ರ ನವೆಂಬರ್ 1. ಮದ್ರಾಸ್ ಎಂಬ ಹಳೇ ಹಡಗಿನಿಂದ ದಕ್ಷಿಣ ಕನ್ನಡದವರು ಇಳಿದು, ಮೈಸೂರು ಎಂಬ ಹೊಸ ಹಡಗು ಹತ್ತಿದ ದಿನ. ಉಡುಪಿಯವರು ಹತ್ತಿದರು, ಪುತ್ತೂರಿನವರು ಹತ್ತಿದರು. ಕಾಸರಗೋಡು ತಾಲೂಕು ಎಂಬ ಬ್ಯಾಗು ಮಂಚದಡಿ ಬಾಕಿಯಾಯಿತು. ಬ್ಯಾಗಿಗೆ ಆಗಲೇ ಕೇರಳ ಅಂತ ಚೀಟಿ ಕಟ್ಟಿದ್ದರು. ಕಟ್ಟಿದ್ದು ರಾಜ್ಯ ಪುನರ್ವಿಂಗಡಣಾ ಆಯೋಗ. ಬ್ಯಾಗಿನೊಳಗಿದ್ದವರು "ನಾವು ಇಲ್ಲಿದ್ದೇವೆ ಮಾರಾಯ್ರೇ" ಅಂತ ಒದ್ದಾಡಿದರು. ಒದ್ದಾಡಿದ ಮೇಲೆ ಇನ್ನೊಂದು ಆಯೋಗ. 1967ರಲ್ಲಿ ಮೆಹರ್ ಚಂದ್ ಮಹಾಜನ್ ಅವರು ಬ್ಯಾಗು ಬಿಚ್ಚಿ ನೋಡಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಬರೆದರು. ಅಂದರೆ ಜಿಪ್ಪಿನ ಈಚೆಗಿನ ಖಾನೆ ಅವರಿಗೆ, ಆಚೆಗಿನ ಖಾನೆ ಇವರಿಗೆ. ವರದಿ ಡ್ರಾಯರಿಗೆ ಹೋಯಿತು. ಈಗ ಬ್ಯಾಗಿನ ಜೊತೆ ವರದಿಯೂ ಮರೆತ ಸಾಮಾನೇ.

ಆಮೇಲೆ ತಮಾಷೆ ಜಾಸ್ತಿಯಾಯಿತು. 1973ರಲ್ಲಿ ಹಡಗಿನ ಹೆಸರೇ ಬದಲಾಯಿತು, ಮೈಸೂರು ಹೋಗಿ ಕರ್ನಾಟಕ. ಬ್ಯಾಗಿನವರ ಕೈಯಲ್ಲಿದ್ದ ಟಿಕೆಟಿನಲ್ಲಿ ಹಳೇ ಹೆಸರು. ಬ್ಯಾಗು ಕಣ್ಣೂರು ಜಿಲ್ಲೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. 1984ರ ಮೇ 24ರಂದು ಅದಕ್ಕೇ ಒಂದು ಪ್ರತ್ಯೇಕ ಕಪಾಟು ಮಾಡಿ ಕಾಸರಗೋಡು ಜಿಲ್ಲೆ ಅಂತ ಬೋರ್ಡು ಹಾಕಿದರು. ಈ ಬ್ಯಾಗು ಕನ್ನಡದವರಿಗೆ ವಾಪಸ್ ಕೊಡಿ ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ಹಡಗಿನ ಲೆಕ್ಕದಲ್ಲಿ 90 ದಿನದ ಕೆಲಸಕ್ಕೆ ಅವರ ಅರ್ಧಕ್ಕಿಂತ ಜಾಸ್ತಿ ಆಯುಸ್ಸು ಹೋಯಿತು.

ನವೆಂಬರ್ 1 ಬಂದರೆ ನೋಡಬೇಕು. ಅಲ್ಲಿ ರಾಜ್ಯೋತ್ಸವ, ಇಲ್ಲಿ ಕೇರಳಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಬ್ಯಾಗು ಮರೆತವರೂ, ಬ್ಯಾಗು ಸಿಕ್ಕಿದವರೂ ಒಂದೇ ದಿನ ಲಾಡು ಹಂಚುತ್ತಾರೆ. ಅಲ್ಲಿ ವೇದಿಕೆಯಲ್ಲಿ "ಕಾಸರಗೋಡು ನಮ್ಮದು" ಅಂತ ಗುಡುಗುತ್ತಾರೆ. ಕೇಳಿದರೆ ನಮ್ಮ ಕಣ್ಣಲ್ಲಿ ನೀರು ಬರುತ್ತದೆ, ಸುಳ್ಳಲ್ಲ. ಆದರೆ 2020ರ ಮಾರ್ಚ್‌ನಲ್ಲಿ ಕೊರೋನ ಬಂದಾಗ ಗಡಿಯ ರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದು ದಾರಿ ಮುಚ್ಚಿದ್ದೂ ಆ ಕಡೆಯಿಂದಲೇ. ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸು ತಲಪಾಡಿಯಲ್ಲಿ ನಿಂತಿತು. ನಮ್ಮದು ಅಂದ ಬ್ಯಾಗನ್ನು ಬಾಗಿಲಲ್ಲೇ ತಡೆದು, ಇದರಲ್ಲಿ ರೋಗ ಉಂಟಾ ಅಂತ ಕೇಳಿದ ಹಾಗೆ.

ಈ ಕಡೆಯವರು ಏನು ಕಮ್ಮಿ ಅಂತಲ್ಲ. ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲಿ ಫಾರಂ ಕೊಡಬೇಕು ಅಂತ ನಿಯಮ ಉಂಟು. ನಿಯಮ ಕೂಡ ಕೊಡೆಯ ಹಾಗೆ, ಎಲ್ಲೋ ಇಟ್ಟದ್ದು ನೆನಪಿರುತ್ತದೆ, ಬೇಕಾದಾಗ ಸಿಗುವುದಿಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಕಳಿಸಿ, ಮಕ್ಕಳೂ ಅಪ್ಪಅಮ್ಮಂದಿರೂ ಬೀದಿಗಿಳಿದದ್ದು ಒಂದು ಸಲ ಅಲ್ಲ.

ಹಾಗಂತ ಎರಡು ಸರ್ಕಾರಗಳಿಗೂ ವಸ್ತುಗಳ ಮೇಲೆ ಪ್ರೀತಿ ಇಲ್ಲ ಅನ್ನಬೇಡಿ. ಕೆಎಸ್‌ಆರ್‌ಟಿಸಿ ಎಂಬ ಇಂಗ್ಲಿಷಿನ ಐದು ಅಕ್ಷರ ಯಾರದ್ದು ಅಂತ ಇಬ್ಬರೂ ವರ್ಷಗಟ್ಟಲೆ ಜಗಳಾಡಿದರು. 2021ರಲ್ಲಿ ಗೆದ್ದೆವು ಅಂತ ಕೇರಳದಲ್ಲಿ ಸಂಭ್ರಮ. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡಿದಾಗ ಕರ್ನಾಟಕದಲ್ಲಿ ಸಂಭ್ರಮ. ಐದು ಅಕ್ಷರಕ್ಕೆ ಅಷ್ಟು ವಕೀಲರು! ಆ ಅಕ್ಷರ ಬರೆದ ಬಸ್ಸಿನೊಳಗೆ ಕಂಬಿ ಹಿಡಿದು ನೇತಾಡುತ್ತಾ ಮಂಗಳೂರಿಗೂ ಕಾಸರಗೋಡಿಗೂ ಓಡಾಡುವ ನಮ್ಮನ್ನು ಮಾತ್ರ ಯಾರೂ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲಿಲ್ಲ.

ಇರಲಿ. ಕೊಡೆಯ ವಿಷಯಕ್ಕೆ ಬರುತ್ತೇನೆ.

ಅಳಿಯ ಹುರಿದುಂಬಿಸಿದ ಅಂತ ಮಾರನೇ ದಿನ ತಲೆಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಕಚೇರಿಗೆ ಹೋದೆ. ಕಾನೂನು ಕೂಡ ಓದಿಕೊಂಡು ಹೋಗಿದ್ದೆ. 1872ರ ಕಾಂಟ್ರಾಕ್ಟ್ ಕಾಯಿದೆಯ 71ನೇ ಸೆಕ್ಷನ್ ಪ್ರಕಾರ ಬೇರೆಯವರ ಸಾಮಾನು ಸಿಕ್ಕಿ ಎತ್ತಿಟ್ಟುಕೊಂಡವನು ಅದನ್ನು ಜೋಪಾನ ಮಾಡಬೇಕು. 1878ರ ನಿಧಿ ಕಾಯಿದೆ ಇನ್ನೂ ಜೋರು. ಮಣ್ಣಿನಡಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕು. ಹತ್ತು ರೂಪಾಯಿಗೆ ಈಗ ನಮ್ಮಲ್ಲಿ ಒಂದು ಚಾ ಬರುವುದಿಲ್ಲ.

ಕ್ಲಾರ್ಕು ಒಳ್ಳೆಯವನು. ಕೂರಿಸಿದ. ಅವನಿಗೆ ಕನ್ನಡ ಬಾರದು, ತೆಂಕಣ ಜಿಲ್ಲೆಯವನು. ನನಗೆ ಮಲಯಾಳ ಮಾತಾಡಲು ಬರುತ್ತದೆ, ಬರೆಯಲು ಬಾರದು. ಬರೆದೇ ಕೊಡಬೇಕಂತೆ. ಕನ್ನಡದಲ್ಲಿ ಬರೆದುಕೊಟ್ಟೆ. ಕನ್ನಡ ಗೊತ್ತಿರುವ ಹುದ್ದೆ ಖಾಲಿ ಉಂಟು. ಹಾಗಾಗಿ ಅರ್ಜಿ ಓದಿ ಹೇಳುವ ಕೆಲಸ ಪ್ಯೂನನಿಗೆ ಬಂತು. ಅವನದ್ದು ಕುಂಬಳೆಯ ಕಡೆಯ ತುಳು, ಕನ್ನಡ ಬಾಯಲ್ಲಿ ಮಾತ್ರ. ಅಕ್ಷರ ಒಂದೊಂದಾಗಿ ಕೂಡಿಸಿ ಓದಿದ. 'ಕೊಡೆ' ಎಂಬಲ್ಲಿ ಎತ್ವ ಅವನ ಕಣ್ಣಿಗೆ ಬೀಳಲಿಲ್ಲ.

"ಕೊಡ" ಅಂದ. "ಕೊಡ ಅಂದ್ರೆ ಕುಡಂ, ಸಾರ್."

ಕ್ಲಾರ್ಕು ನನ್ನನ್ನು ನೋಡಿದ. "ಕುಡಯೋ, ಕುಡಮೋ?"

ಮಲಯಾಳದಲ್ಲಿ ಕುಡ ಅಂದರೆ ಕೊಡೆ, ಕುಡಂ ಅಂದರೆ ನೀರಿನ ಕೊಡ. ನಾನು "ಕುಡ, ಕುಡ" ಅಂತ ಎರಡು ಸಲ ಹೇಳಿದೆ, ಕೈ ಮೇಲೆತ್ತಿ ಬಿಡಿಸಿಯೂ ತೋರಿಸಿದೆ. ಆದರೆ ಬಾಯಿಮಾತು ಬೇರೆ, ದಾಖಲೆ ಬೇರೆ ಅಲ್ವಾ? ಲಿಖಿತ ಅರ್ಜಿಯ ಅಧಿಕೃತ ಅನುವಾದದಲ್ಲಿ ಕುಡಂ ಅಂತ ಆಗಿಹೋಗಿತ್ತು. ರಿಜಿಸ್ಟರಿಗೂ ಹಾಗೇ ಏರಿತು. ಒಂದು ವಾರ ಬಿಟ್ಟು ಬರಲು ಹೇಳಿದರು.

ಹಿಡಿಯ ಮೇಲೆ ನನ್ನ ಹೆಸರು ಉಂಟು ಅಂತ ಹೇಳಿದೆ.

ಹೌದು, ಒಂದು ಕೊಡೆ ಸಿಕ್ಕಿತ್ತು ಅಂದ ಕ್ಲಾರ್ಕು. ಅದರ ಮೇಲೆ ಏನೋ ಚಿತ್ರ ಇತ್ತು, ಅಕ್ಷರ ಇರಲಿಲ್ಲ. ಹಾಗಾಗಿ ವಾರಸುದಾರರಿಲ್ಲ ಅಂತ ಬರೆದಿದ್ದಾರೆ. ಏನೇ ಆದರೂ ನಾನು ಕಳಕೊಂಡದ್ದು ಕೊಡ ಅಲ್ವಾ, ಕೊಡೆಗೂ ನನಗೂ ಏನು ಸಂಬಂಧ?

ವಾರ ಬಿಟ್ಟು ಹೋದೆ. ನನ್ನ ಕೆಲಸ ಆಗಿತ್ತು! ಅರುವತ್ತೈದು ವರ್ಷದ ಬದುಕಿನಲ್ಲಿ ಒಂದು ಕಚೇರಿ ಹೇಳಿದ ದಿನವೇ ನನ್ನ ಕೆಲಸ ಮಾಡಿಕೊಟ್ಟದ್ದು ಅದೇ ಮೊದಲು. ಕಪಾಟಿನ ಮೇಲೆ ಯಾವುದೋ ಉದ್ಘಾಟನೆಯ ಕಾಲದ ಒಂದು ಸ್ಟೀಲಿನ ಕೊಡ ಇತ್ತು. ಯಾರೂ ಕೇಳಿ ಬಂದಿರಲಿಲ್ಲ. ರಿಜಿಸ್ಟರಿನಲ್ಲಿ ಕುಡಂ ಒಂದು, ಕಪಾಟಿನಲ್ಲಿ ಕುಡಂ ಒಂದು. ಲೆಕ್ಕ ಸರಿಹೋಯಿತು. ಕ್ಲಾರ್ಕು ಅದನ್ನು ಒರೆಸಿ ಎರಡೂ ಕೈಯಲ್ಲಿ ಕೊಟ್ಟ. ಸಹಿ ಮಾಡಿಸಿಕೊಂಡ. ಸಹಿ ಕನ್ನಡದಲ್ಲಿ ಮಾಡಬಹುದಂತೆ, ಅದಕ್ಕೆ ಅಡ್ಡಿ ಇಲ್ಲ.

ಹೊರಗೆ ಬಂದರೆ ಮಳೆ ಸುರಿಯುತ್ತಿತ್ತು. ಕೊಡ ಕಂಕುಳಲ್ಲಿ ಹಿಡಿದು ಜಗಲಿಯಲ್ಲಿ ನಿಂತೆ. ಮದುಮಗಳು ಗಂಡನ ಮನೆ ಹೊಕ್ಕುವ ಮೊದಲು ನಿಂತ ಹಾಗೆ ಕಾಣುತ್ತಿದ್ದೆನೋ ಏನೋ, ಇಬ್ಬರು ಹೆಂಗಸರು ನೋಡಿ ನಕ್ಕರು. ಅಷ್ಟರಲ್ಲಿ ಪ್ಯೂನ್ ಹೊರಗೆ ಬಂದ. ಚಾ ತರಲು ಹೊರಟಿದ್ದ. ಕೈಯಲ್ಲಿ ಉದ್ದ ಹಿಡಿಯ ಕಪ್ಪು ಕೊಡೆ. ಹಿಡಿಯ ಮೇಲೆ ಬಿಳಿ ಪೈಂಟು.

ನಾನು ಆ ಎರಡಕ್ಷರ ನೋಡಿದೆ. ಅವನು ನನ್ನ ಕೊಡ ನೋಡಿದ.

"ಅಯ್ಯೋ, ನಿಮಗೆ ಕೊಡೆ ಇಲ್ವಾ? ಈ ಮಳೆಯಲ್ಲಿ ಹೇಗೆ ಹೋಗ್ತೀರಿ?" ಅಂದ. ಮನುಷ್ಯನ ದನಿಯಲ್ಲಿ ನಿಜವಾದ ಕನಿಕರ ಇತ್ತು. "ಬನ್ನಿ, ಬಸ್‌ಸ್ಟಾಪಿನ ತನಕ ಬಿಡ್ತೇನೆ."

ಬಟನ್ ಒತ್ತಿ ಕೊಡೆ ಬಿಡಿಸಿದ. ಅದರ ಒಂದು ಕಡ್ಡಿ ಸ್ವಲ್ಪ ಬಗ್ಗಿದೆ, ನನಗೆ ಗೊತ್ತು. ಬಗ್ಗಿದ ಬದಿಯಲ್ಲಿ ನೀರು ತೊಟ್ಟಿಕ್ಕುತ್ತದೆ, ಅದೂ ಗೊತ್ತು. ಅವನು ಒಳ್ಳೆಯ ಬದಿಗೆ ನಿಂತುಕೊಂಡ. ನಾನು ಕೊಡವನ್ನು ತೊಟ್ಟಿಕ್ಕುವ ಬದಿಗೆ ಹಿಡಿದು ಜೊತೆಗೆ ನಡೆದೆ.