ಸ್ಪಷ್ಟನೆ: ಡಿಒಐ ಇದ್ದ ಮಾತ್ರಕ್ಕೆ ಲೇಖನ ನಂಬಲರ್ಹವಲ್ಲ

‘ಗೂಗಲ್ ಸ್ಕಾಲರ್‌ನಲ್ಲಿ ಸಿಕ್ಕಿ, ಡಿಒಐ ಸಂಖ್ಯೆಯೂ ಇದ್ದರೆ ಆ ಲೇಖನ ತಜ್ಞರ ಪರಿಶೀಲನೆ ಆಗಿಯೇ ಬಂದಿರುತ್ತದೆ, ಧೈರ್ಯವಾಗಿ ಉಲ್ಲೇಖಿಸಿ’ ಎಂಬ ಸಲಹೆ ವಿದ್ಯಾರ್ಥಿಗಳ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ.

2004ರಲ್ಲಿ ಶುರುವಾದ ಗೂಗಲ್ ಸ್ಕಾಲರ್ ಒಂದು ಹುಡುಕುಯಂತ್ರ ಅಷ್ಟೇ. ಪ್ರಬಂಧ, ಪುಸ್ತಕ, ವರದಿ, ಇನ್ನೂ ಪರಿಶೀಲನೆಯೇ ಆಗದ ಪ್ರಿಪ್ರಿಂಟ್ (ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಹಂಚಿದ ಕರಡು) ಎಲ್ಲವೂ ಅದರಲ್ಲಿ ಬೆರೆತು ಬರುತ್ತವೆ. ಡಿಒಐ ಎನ್ನುವುದು ಲೇಖನದ ಶಾಶ್ವತ ವಿಳಾಸ, ಗುಣಮಟ್ಟದ ಮುದ್ರೆಯಲ್ಲ. ಪ್ರಿಪ್ರಿಂಟ್‌ಗೂ, ಬರಿಯ ದತ್ತಾಂಶದ ಕಡತಕ್ಕೂ ಅದು ಸಿಗುತ್ತದೆ.

ಇನ್ನು, ಪರಿಶೀಲನೆ ಆಗಿದೆ ಎಂದಾಕ್ಷಣ ಮಾತು ಮುಗಿಯುವುದಿಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಲೇಖನ 1998ರಲ್ಲಿ ಅಚ್ಚಾಗಿದ್ದು ‘ದಿ ಲ್ಯಾನ್ಸೆಟ್’ನಂಥ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲೇ. ಪತ್ರಿಕೆ ಅದನ್ನು ಪೂರ್ತಿ ಹಿಂಪಡೆದದ್ದು 2010ರಲ್ಲಿ. ಅದರ ಡಿಒಐ ಇಂದಿಗೂ ಕೆಲಸ ಮಾಡುತ್ತದೆ! ಎಲ್ಲಿಂದಲೋ ಇಳಿಸಿಕೊಂಡ ಹಳೆಯ ಪಿಡಿಎಫ್‌ನಲ್ಲಿ ಹಿಂಪಡೆದ ಸೂಚನೆ ಇಲ್ಲದಿರಬಹುದು. ಆದ್ದರಿಂದ ಪತ್ರಿಕೆಯ ಸ್ವಂತ ಪುಟವನ್ನೇ ತೆರೆದು ನೋಡಿ. ‘ರಿಟ್ರಾಕ್ಟೆಡ್’ (ಹಿಂಪಡೆಯಲಾಗಿದೆ) ಎಂಬ ಪದ ಶೀರ್ಷಿಕೆಯ ಬಳಿ ಇದೆಯೇ, ಪರಿಶೀಲನೆಯ ಕ್ರಮವನ್ನು ಪತ್ರಿಕೆ ಹೇಳಿಕೊಂಡಿದೆಯೇ, ಸಂಪಾದಕ ಮಂಡಳಿಯಲ್ಲಿರುವವರು ಆ ವಿಷಯದವರೇ ಗಮನಿಸಿ. ಅನುಮಾನ ಉಳಿದರೆ ಗ್ರಂಥಪಾಲಕರನ್ನು ಕೇಳಿ. ಸಂಕೋಚ ಬೇಡ, ಇದು ಅವರು ಬಲ್ಲ ಕೆಲಸ.