ಗುಂಡಿಗೂ ಪರ್ಸೆಂಟ್, ಗಾಜಿಗೂ ಪರ್ಸೆಂಟ್

6ಜಿ ಇನ್ನೂ ಹುಟ್ಟಿಲ್ಲ. ಅದರ ಪೇಟೆಂಟುಗಳಲ್ಲಿ ಶೇ 10 ನಮ್ಮದಾಗಬೇಕೆಂದು ದೆಹಲಿಯಲ್ಲಿ ಗುರಿ ಇಟ್ಟಾಗಿದೆ. ಭಲೇ! ಬೆಂಗಳೂರಿನಲ್ಲಿ ಕೂತು ಬರೆದ ಎಷ್ಟೋ ಪೇಟೆಂಟುಗಳಲ್ಲಿ ಶೋಧಕರ ಹೆಸರು ನಮ್ಮವರದು, ಮಾಲೀಕರ ವಿಳಾಸ ಸ್ಟಾಕ್‌ಹೋಮಿನದೋ ಸ್ಯಾನ್ ಡಿಯಾಗೋದ್ದೋ. ಅವನ್ನು ಯಾವ ಖಾತೆಗೆ ಬರೆಯುತ್ತಾರೋ!

ಸಂಖ್ಯೆಯೇ ಬೇಕಿದ್ದರೆ ಕಷ್ಟವೇನಿಲ್ಲ. ‘ನಮ್ಮ ಶೋಧವಿಲ್ಲದೆ ಈ ಮಾನದಂಡ ನಡೆಯಲಿಕ್ಕಿಲ್ಲ’ ಎಂದು ಮೊಬೈಲ್ ಮಾನದಂಡ, ಅಂದರೆ ಎಲ್ಲ ಫೋನುಗಳೂ ಪಾಲಿಸಬೇಕಾದ ತಾಂತ್ರಿಕ ನಿಯಮ, ರೂಪಿಸುವ ಯುರೋಪಿನ ಎಟ್ಸಿ ಸಂಸ್ಥೆಗೆ ಫಾರಂ ತುಂಬಿ ಕೊಟ್ಟರಾಯಿತು. ಹೌದೋ ಅಲ್ಲವೋ ಎಂದು ಎಟ್ಸಿ ಪರೀಕ್ಷಿಸುವುದಿಲ್ಲ. ಪೇಟೆಂಟ್ ಮಂಜೂರಾಗಿರಬೇಕೆಂದೂ ಇಲ್ಲ, ಅರ್ಜಿ ಹಾಕಿದ್ದರೆ ಸಾಕು. ಆಮೇಲೆ ಮಾನದಂಡದ ಕರಡೇ ಬದಲಾದರೂ ಹಳೆಯ ಘೋಷಣೆ ಪಟ್ಟಿಯಲ್ಲಿ ಕೂತೇ ಇರುತ್ತದೆ. ತಡವಾಗಿ ಹೇಳಿ ಸಿಕ್ಕಿಬೀಳುವುದಕ್ಕಿಂತ ಮೊದಲೇ ಎಲ್ಲವನ್ನೂ ಬರೆಸಿಬಿಡೋಣ ಎನ್ನುವವರೇ ಹೆಚ್ಚು.

ಇನ್ನು ವಸೂಲಿ. ಪರ್ಸೆಂಟೇಜ್ ಲೆಕ್ಕವನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ. ಆದರೂ ಇದು ಬೇರೆಯೇ ಮಟ್ಟದ್ದು. ಶೋಧ ಇರುವುದು ಫೋನನ್ನು ನೆಟ್‌ವರ್ಕಿಗೆ ಜೋಡಿಸುವ ಮೋಡೆಮ್ ಚಿಪ್ಪಿನಲ್ಲಿ, ರಾಯಲ್ಟಿ ಇಡೀ ಫೋನಿನ ಬೆಲೆಯ ಮೇಲೆ. 5ಜಿ ಫೋನಿಗೆ ಸ್ಯಾನ್ ಡಿಯಾಗೋದ ಚಿಪ್ ಕಂಪನಿ ಕ್ವಾಲ್ಕಾಮ್ ಪ್ರಕಟಿಸಿದ ದರ ಶೇ 3.25, ಲೆಕ್ಕ ಹಿಡಿಯುವ ಬೆಲೆಗೆ 400 ಡಾಲರ್ ಮಿತಿ. ಅಂದರೆ ಒಂದು ಫೋನಿಗೆ ಹೆಚ್ಚೆಂದರೆ 13 ಡಾಲರ್. ಆ ಮಿತಿಯ ಕೆಳಗೆ, ಕ್ಯಾಮೆರಾ ಚೆನ್ನಾಗಿ ಮಾಡಿದಿರೋ, ಮೆಮೊರಿ ಹೆಚ್ಚಿಸಿದಿರೋ, ಮೋಡೆಮ್ ಪೇಟೆಂಟಿನವನ ಪಾಲೂ ಏರುತ್ತದೆ. ನಲ್ಲಿ ಜೋಡಿಸಿದ ಪ್ಲಂಬರ್ ಮನೆಯ ಬೆಲೆಯಲ್ಲಿ ಪಾಲು ಕೇಳಿದ ಹಾಗೆ. ನೋಕಿಯಾದವರು 5ಜಿ ಫೋನಿಗೆ ಹೆಚ್ಚೆಂದರೆ 3 ಯೂರೊ ಎಂದು ಹೇಳಿದರು, ಪುಣ್ಯಾತ್ಮರು.

ಇದನ್ನೇ ನಮ್ಮ ಸ್ಪರ್ಧಾ ಆಯೋಗ 2013ರಲ್ಲೇ, ಫೋನ್ ಕಂಪನಿ ಮೈಕ್ರೋಮ್ಯಾಕ್ಸ್‌ನ ದೂರಿನ ಮೇಲೆ, ಸ್ಟಾಕ್‌ಹೋಮಿನ ಎರಿಕ್ಸನ್ ವಿಷಯದಲ್ಲಿ ಹೇಳಿತ್ತು: ಅದೇ ಜಿಎಸ್‌ಎಂ (2ಜಿ) ಚಿಪ್ಪು, 100 ರೂಪಾಯಿ ಫೋನಿನಲ್ಲಿದ್ದರೆ ರಾಯಲ್ಟಿ 1.25 ರೂಪಾಯಿ, 1,000 ರೂಪಾಯಿ ಫೋನಿನಲ್ಲಿದ್ದರೆ 12.50. ಮೂರನೇ ಕ್ಲಾಸಿನ ಗಣಿತ. ಆಮೇಲೆ? ಪೇಟೆಂಟ್ ವಿಷಯ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ ಎಂದು 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು, 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆಯೋಗದ ಮೇಲ್ಮನವಿ ವಜಾ. ನಡುವೆ, 2024ರಲ್ಲಿ, ಪರವಾನಗಿ ಇಲ್ಲದೆ ಪೇಟೆಂಟ್ ಬಳಸಿದ್ದಕ್ಕೆ ಫೋನ್ ಕಂಪನಿ ಲಾವಾ ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಕೊಡಬೇಕೆಂಬ ತೀರ್ಪೂ ಬಂತು.

ಕಾಸು ಕೊಡದೆ ಬಳಸುವುದು ತಪ್ಪೇ, ಅದರಲ್ಲಿ ವಾದವಿಲ್ಲ. ಆದರೆ ಎಷ್ಟು ಎಂದು ಗೊತ್ತಾಗುವುದು ಹೇಗೆ? ಇಂಥ ಪೇಟೆಂಟುಗಳನ್ನು ಬಳಸಲು ಕೊಡುವ ಷರತ್ತು ‘ನ್ಯಾಯಯುತ, ಸಮಂಜಸ, ತಾರತಮ್ಯವಿಲ್ಲದ್ದು’ ಅಂತೆ. ಒಪ್ಪಂದಕ್ಕೆ ಮುಂಚೆ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಪಕ್ಕದವನು ಎಷ್ಟು ಕೊಟ್ಟ ಎಂದು ಕೇಳುವ ಹಾಗಿಲ್ಲ, ನೀನು ಕೊಟ್ಟದ್ದನ್ನು ಹೇಳುವ ಹಾಗೂ ಇಲ್ಲ. ತಾರತಮ್ಯ ಇಲ್ಲದಿದ್ದರೆ ಮುಚ್ಚಿಡುವುದೇನನ್ನು ಸ್ವಾಮಿ?