ಕೆಂಪು ಬಟನ್

ನಿನ್ನೆ ಹಲ್ಲುಜ್ಜುವಾಗ ಏನೋ ಗುನುಗುತ್ತಿದ್ದೆ. ಅರ್ಧ ನಿಮಿಷವಾದ ಮೇಲೆ ಗೊತ್ತಾಯಿತು, ಅದು ಮಗಳ ಆಟಿಕೆ ಪಿಯಾನೋದ ಟ್ಯೂನು. ಮೂವತ್ತು ವರ್ಷ ಕಿವಿ ಪಳಗಿಸಿಕೊಂಡವನು ನಾನು. ಹಾಡು ಕೇಳಿದರೆ ರಾಗದ ಹೆಸರು ಹೇಳುತ್ತೇನೆ, ಕೆಲವು ಸಲ ಸರಿಯಾಗಿಯೇ. ಈಗ ಬಾಯಿ ತುಂಬ ನೊರೆ, ನೊರೆಯೊಳಗೆ ಟಿಂಗ್ ಟಿಂಗ್ ಟಿಡಿಂಗ್.

ಅವಳು ಹುಟ್ಟುವ ಮೊದಲೇ ಒಳ್ಳೊಳ್ಳೆಯ ಸಂಗೀತದ ಪಟ್ಟಿ ಮಾಡಿಟ್ಟಿದ್ದೆ. ಮೊಜಾರ್ಟ್ ಕೇಳಿಸಿ, ಮಗು ಚುರುಕಾಗುತ್ತದೆ ಎಂದರು ಯಾರೋ. ಅದನ್ನೂ ಸೇರಿಸಿದೆ. ಆಮೇಲೆ ಓದಿದರೆ, ಈ ಮಾತು ಹುಟ್ಟಿದ 1993ರ ಪ್ರಯೋಗದಲ್ಲಿ ಮೊಜಾರ್ಟ್ ಕೇಳುತ್ತಾ ಕೂತಿದ್ದವರು 36 ಕಾಲೇಜು ವಿದ್ಯಾರ್ಥಿಗಳು! ಬಂದ ಚುರುಕೂ ಕಾಲು ಗಂಟೆಯೊಳಗೆ ಇಳಿಯಿತಂತೆ. ಕೂಸು ಒಂದೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಪ್ರತಿ ಮಗುವಿಗೂ ಇಂಥ ಸಂಗೀತ ಹಂಚಲು 1,05,000 ಡಾಲರ್ ಕೇಳಿದ್ದರು. ನನ್ನ ಮಗಳು ಕೇಳಿ ನಿದ್ದೆ ಹೋದಳು. ನಾನೂ.

ಈಗ ಅವಳಿಗೆ ಮೂರು ವರ್ಷ. ಮೊನ್ನೆ ಆಲಾಪ ಹಾಕಿದೆ. ನಾಲ್ಕು ನಿಮಿಷ ಸುಮ್ನೆ ಕೂತಿದ್ದಳು. ನನಗೆ ಎದೆಯುಬ್ಬಿತು. ಆಮೇಲೆ ಕೇಳಿದಳು, "ಅಪ್ಪಾ, ಇದು ಯಾವಾಗ ಶುರುವಾಗುತ್ತೆ?"

ಪಿಯಾನೋ ತಂದವನು ನನ್ನ ಭಾವಮೈದ. ಇನ್ನೂ ಮದುವೆಯಾಗಿಲ್ಲ. ಇಂಥ ಉಡುಗೊರೆ ಕೊಡಲು ಅದೇ ಅರ್ಹತೆ. ಕೀಗಳು ಬೇಕಾದಷ್ಟಿವೆ, ಅವಳಿಗೆ ಬೇಕಾದ್ದು ಮೂಲೆಯ ಕೆಂಪು ಬಟನ್ ಮಾತ್ರ. ಒತ್ತಿದರೆ ಹನ್ನೊಂದು ಸೆಕೆಂಡಿನ ಟ್ಯೂನು. ಮುಗಿದ ಕೂಡಲೇ ಮತ್ತೆ ಒತ್ತುತ್ತಾಳೆ. ಸದ್ದು ಎರಡು ಥರ: ಜೋರು, ಇನ್ನೂ ಜೋರು. ಇದನ್ನು ಮಾಡಿದವರು ತಮ್ಮ ಮನೆಯಲ್ಲಿ ಒಂದು ದಿನವಾದರೂ ಇಟ್ಟುಕೊಂಡಿರಲಿಕ್ಕಿಲ್ಲ.

ಒಂದು ರಾತ್ರಿ ಸೆಲ್ ತೆಗೆದೇಬಿಡೋಣ ಎಂದು ಕೂತೆ. ಮುಚ್ಚಳಕ್ಕೆ ಸ್ಕ್ರೂ. ಮಕ್ಕಳ ಕೈಗೆ ಸೆಲ್ ಸಿಗಬಾರದಲ್ವಾ, ಸರಿ. ಆದರೆ ಅಷ್ಟು ಸಣ್ಣ ಸ್ಕ್ರೂಡ್ರೈವರ್ ಯಾರ ಮನೆಯಲ್ಲಿರುತ್ತದೆ? ಚಾಕುವಿನ ತುದಿಯಿಂದ ತಿರುಗಿಸಿದೆ. ಕೈ ಜಾರಿತು. ಬೆರಳು ಬಿದ್ದದ್ದು ಕೆಂಪು ಬಟನ್ ಮೇಲೆ. ಹನ್ನೊಂದೂವರೆ ರಾತ್ರಿ! ಗಾಬರಿಯಲ್ಲಿ ಅದನ್ನು ದಿಂಬಿನಡಿ ತುರುಕಿ ಮೇಲೆ ಕೂತೆ. ನನ್ನ ಭಾರಕ್ಕೆ ಉಳಿದ ಕೀಗಳೂ ಒಟ್ಟಿಗೇ ಕಿರುಚಿಕೊಂಡವು. "ಏನ್ರೀ ಅದು?" ಎಂದಳು ಹೆಂಡತಿ ಒಳಗಿನಿಂದ. "ಏನಿಲ್ಲ, ಮಲಗು" ಎಂದೆ, ಕೂತಲ್ಲಿಂದ ಏಳದೆ. ಕೊನೆಗೂ ಮುಚ್ಚಳ ಬಿಚ್ಚಿತು. ಮೂರು ಸೆಲ್. ಎರಡನ್ನು ರಿಮೋಟಿಗೆ ಹಾಕಿ ಹಾಯಾಗಿ ಮಲಗಿದೆ.

ಬೆಳಿಗ್ಗೆ ಮಗಳು ಬಂದಳು. "ಅಪ್ಪಾ, ಪಿಯಾನೋಗೆ ಹುಷಾರಿಲ್ಲ."

"ಪಾಪ, ಮಲಗಲಿ ಬಿಡಮ್ಮ."

ಅವಳು ಅದಕ್ಕೆ ಟವೆಲ್ ಹೊದಿಸಿದಳು. ಪಕ್ಕದಲ್ಲಿ ಕೂತು ಮೆಲ್ಲಗೆ ತಟ್ಟುತ್ತಾ, ಆ ಟ್ಯೂನನ್ನೇ ಬಾಯಲ್ಲಿ ಹಾಡತೊಡಗಿದಳು. ಮತ್ತೆ, ಮತ್ತೆ. ಈ ಯಂತ್ರಕ್ಕೆ ಸ್ಕ್ರೂ ಎಲ್ಲಿದೆ ಎಂದು ಹುಡುಕುವುದು?

ಅದೂ ತಪ್ಪು ತಪ್ಪಾಗಿ. ಎರಡು ಸಲ ಸಹಿಸಿದೆ. ಮೂರನೇ ಸಲಕ್ಕೆ ಪೇಪರು ಕೆಳಗಿಟ್ಟೆ.

"ಹಾಗಲ್ಲಮ್ಮ, ಅಲ್ಲಿ ಇನ್ನೊಂದು ಟಿಡಿಂಗ್ ಬರುತ್ತೆ."